ತಿದ್ದುಪಡಿ

ಬೀಡಿ ಲೆಕ್ಕದ ಹಳೆಯ ಪುಸ್ತಕ,
ಅರ್ಧದ ತನಕ ಕಾಂಟ್ರಾಕ್ಟರನ ಸಹಿ.
ಅಲ್ಲಿಂದಾಚೆ ಅಮ್ಮನ ಅಕ್ಷರ,
ಐದನೇ ಕ್ಲಾಸಿಗೇ ನಿಂತುಹೋದದ್ದು,
ಎಲೆ ಕತ್ತರಿಸಿದ ಹಾಗೆ ಎಲ್ಲ ಒಂದೇ ಅಳತೆ.

ಹೊಯ್ಗೆಬಜಾರಿನಿಂದ ಕುಲಶೇಖರದವರೆಗೆ ರಿಕ್ಷಾದಲ್ಲಿ
ಅದು ಅವಳ ಮಡಿಲಲ್ಲಿ,
ನಾನು ಅವಳ ಹೆಗಲಲ್ಲಿ.
ನಂತೂರು ಸರ್ಕಲ್ಲಿನಲ್ಲಿ ಬ್ರೇಕು ಬಿದ್ದಾಗ
ಎರಡನ್ನೂ ಒಟ್ಟಿಗೆ ಹಿಡಿದುಕೊಂಡಳು.

"ಇದರಲ್ಲಿ ಎಲ್ಲ ಬರೆದದ್ದುಂಟು," ಜೆಸಿಂತಾ ಬಾಯಿಗೆ ಕೊಟ್ಟಳು,
"ಅವಳಿಗೆ ಹೇಳಲಿಕ್ಕೆ ಆಗುವುದಿಲ್ಲ ನೋಡಿ."

ಆಗುತ್ತದೆ. ನಿಧಾನ ಆಗುತ್ತದೆ.
ನನ್ನದೊಂದು ವಾಕ್ಯ ಮುಗಿಯುವಷ್ಟರಲ್ಲಿ
ಸ್ಟೇಟ್‌ಬ್ಯಾಂಕಿನ ಬಸ್ಸು ಬಂದು ಹೋಗಿರುತ್ತದೆ,
ಕೇಳುತ್ತಿದ್ದವರು ಅದನ್ನು ಹತ್ತಿರುತ್ತಾರೆ.

ಎರಡನೇ ದಿನ ಜೆಸಿಂತಾ ಬಾಯಿ
ಪುಸ್ತಕ ನನ್ನೆದುರು ಬಿಡಿಸಿಟ್ಟು, ಪೆನ್ಸಿಲು ಹಿಡಿದು ಕೂತರು.
"ವೇದಾವತಿ, ಇದು ನಿಮ್ಮ ವಿಷಯ. ಸರಿ ಉಂಟಾ ನೋಡಿ."
ನಲವತ್ತಮೂರು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನನ್ನು ನೀವು ಎಂದದ್ದು.
ನಗು, ಜೊಲ್ಲು, ಎರಡೂ ಬಂತು.

"ಗಂಜಿ ಕುಚ್ಚಲಕ್ಕಿಯದೇ ಆಗಬೇಕು, ಚೆನ್ನಾಗಿ ಹಿಸುಕಬೇಕು."
ಸರಿ.
"ಬೂತಾಯಿಯ ಮುಳ್ಳು ತೆಗೆದು, ಬೆರಳಲ್ಲಿ ಇನ್ನೊಮ್ಮೆ ನೋಡಬೇಕು."
ಸರಿ. ಆ ಇನ್ನೊಮ್ಮೆಯೇ ರುಚಿ.
"ಎಡಗೈ ಮುಷ್ಟಿ ಎಳೆದು ಬಿಡಿಸಬಾರದು.
ಊದಬೇಕು."
ಇಲ್ಲಿ ಸ್ವಲ್ಪ ಹೊತ್ತು ಪುಟ ಮಗುಚಲು ಬಿಡಲಿಲ್ಲ ನಾನು.

"ಗುಡುಗಿಗೆ ಹೆದರುತ್ತಾಳೆ. ಕೈ ಹಿಡಿದು ಮಲಗಬೇಕು."
ತಪ್ಪು.
ಹೆದರುವವಳು ಅಮ್ಮ.
ಪಕ್ಕದ ಮನೆಯ ತೆಂಗಿಗೆ ಸಿಡಿಲು ಬಡಿದ ವರ್ಷದಿಂದ
ಆಕಾಶ ಗುರುಗುಟ್ಟಿದರೆ ಸಾಕು, ನನ್ನ ಚಾಪೆಗೆ ಬಂದು
"ಹೆದರಬೇಡ ಮಗಾ" ಎನ್ನುತ್ತ ನಡುಗುತ್ತಿದ್ದಳು.
ಕೈ ನನ್ನದು, ಅಂಜಿಕೆ ಅವಳದು.
ನಾನು ಹೆದರಿದ ಹಾಗೆ ಮಾಡುತ್ತಿದ್ದೆ.

"ಮನಸ್ಸಿಲ್ಲದೆ ಬಂದಿದ್ದಾಳೆ. ಬೇಜಾರು ಮಾಡಿದರೆ ಫೋನು ಮಾಡಿ."
ತಪ್ಪು, ತಪ್ಪು. ಕೇಳಿದವಳು ನಾನೇ.
ಕಳೆದ ಆಟಿಯಲ್ಲಿ, ಬಚ್ಚಲಲ್ಲಿ ನನ್ನನ್ನು ಎತ್ತುವಾಗ
ಅವಳ ಸೊಂಟದೊಳಗೆ ಒಂದು ಸದ್ದು,
ನೆನೆಸದ ಎಲೆ ಮುರಿದ ಹಾಗೆ.
ಇಬ್ಬರಿಗೂ ಕೇಳಿಸಿತು.
ಇಬ್ಬರೂ ಬಿಸಿನೀರಿನ ಬಗ್ಗೆ ಮಾತಾಡಿದೆವು.
ಆಮೇಲೆ ನಾಲ್ಕು ತಿಂಗಳು, ದಿನಕ್ಕೊಂದು ಶಬ್ದದಂತೆ
ಹೇಳಿ ಮುಗಿಸಿದೆ.
ಕೇಳಿಸದವಳ ಹಾಗೆ ಬೀಡಿಗೆ ನೂಲು ಸುತ್ತುತ್ತಿದ್ದಳು.
"ಮಗಳನ್ನು ಬಿಟ್ಟು ಬಂದಳಂತೆ" ಎನ್ನುತ್ತಿರಬಹುದು ನೆರೆಕರೆ.
ಬಿಟ್ಟು ಹೊರಟದ್ದು ನಾನು. ಗಾಲಿಕುರ್ಚಿಯವಳಿಗೆ
ಆ ಕ್ರಿಯಾಪದ ಯಾರೂ ಕೊಡುವುದಿಲ್ಲ.

ಸೊಂಟಕ್ಕಾಗಿ ಮಾತ್ರ ಎಂದರೆ ಅದೂ ಸುಳ್ಳು.
ಮನೆಯಲ್ಲಿ ಎಂಟೂವರೆಗೆ ದೀಪ ಆರುತ್ತಿತ್ತು,
ತಮ್ಮ ಯಾದವನಿಗೆ ಬೆಳಗಿನ ಮೂರಕ್ಕೆ ಧಕ್ಕೆ.
ಇಲ್ಲಿ ಮಂಚದ ಪಕ್ಕ, ಮೊಣಕೈಗೆ ಸಿಗುವ ಹಾಗೆ, ಸ್ವಿಚ್ಚು.
ಮೊದಲ ರಾತ್ರಿ ಹಾಕಿದೆ, ಆರಿಸಿದೆ, ಹಾಕಿದೆ.
ಆಚೆ ಮಂಚದ ಮೈಮೂನ ಮುಸುಕಿನೊಳಗಿಂದ
"ಇದೆಂಥದು ಮಾರಾಯ್ತಿ, ಲೈಟ್‌ಹೌಸಾ?
ಹಡಗು ಏನಾದರೂ ಬರಲಿಕ್ಕುಂಟಾ?"
ಬರಲಿಕ್ಕುಂಟು ಎಂದು ಹೇಳಲು ಹೊರಟೆ.
ಮುಗಿಯುವವರೆಗೆ ಕಾದಳು ಅವಳು.

ನಿನ್ನೆ ಸಂಜೆ ಕಡಲ ಕಡೆಯಿಂದ ಗುಡುಗಿತು.
ಫೋನು ಬೇಕು ಎಂದೆ. ಮೊದಲ ರಿಂಗಿಗೇ ಎತ್ತಿದಳು.
ಆಚೆ ಕತ್ತರಿಯ ಸದ್ದು ನಿಂತಿತ್ತು.
"ಹೆದರಿಕೆ ಆಗ್ತದಾ ಮಗಾ?"
ಆಗ್ತದೆ ಎಂದೆ.
ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ,
ಕೊನೆಯ ಗುಡುಗು ಪಂಜಿಮೊಗರು ದಾಟುವ ತನಕ.

ಆ ಒಂದು ಸಾಲಿಗೆ ಪೆನ್ಸಿಲು ಬೀಳದೆ ಹಾಗೇ ಉಂಟು.
ಚಾ ಆರ್ತದೆ, ಬರ್ತೀಯಾ ಇಲ್ವಾ ಎಂದು
ಮೈಮೂನ ಒಳಗಿಂದ ಕೂಗುತ್ತಿದ್ದಾಳೆ.